ಕೇರಂ ಬೋರ್ಡಿನ ಎರಡು ಖಾತೆಗಳು



ಕಳೆದ ತಿಂಗಳ ಕೂಟಕ್ಕೆ ಬಂದವರಿಗೆ ನೆನಪಿರಬಹುದು. ಕಥಾವಾಚನ ಮುಗಿದು, ಅದರ ಮೇಲಿನ ಚರ್ಚೆಯೂ ಮುಗಿದು, ಉಪ್ಪಿಟ್ಟು-ಕೇಸರಿಭಾತಿನ ಪಾತ್ರೆಗಳ ತಳ ಕಂಡ ಮೇಲೆ ಎಂದಿನಂತೆ ಒಂದಷ್ಟು ಜನ ಬೇಸ್‌ಮೆಂಟಿಗೆ ಇಳಿದೆವು. ಹೊರಗೆ ಹಿಮ ಬೀಳುತ್ತಿತ್ತು. ಒಳಗೆ ಕೇರಂ ಬೋರ್ಡು, ಅದರ ಮೇಲೆ ಧಾರಾಳವಾಗಿ ಬೋರಿಕ್ ಪುಡಿ. ನಮ್ಮ ಎದುರಿಗೆ ಕುಳಿತವರು ಊರಿನಿಂದ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿರುವ ಹಿರಿಯರು; ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ನೋಡಿ ನಿವೃತ್ತರಾದವರು. ಕೈ ಸ್ವಲ್ಪ ನಡುಗಿದರೂ ಗುರಿ ಮಾತ್ರ ತಪ್ಪುತ್ತಿರಲಿಲ್ಲ.

ಅವರು ಒಂದು ಕಪ್ಪು ಕಾಯಿನ್ನನ್ನು ನೇರವಾಗಿ ಹೊಡೆದರು. ಕಾಯಿನ್ ಚಿಮ್ಮಿ ಪಾಕೆಟ್ಟಿಗೆ ಬಿತ್ತು, ಸ್ಟ್ರೈಕರ್ ಅದರ ಹಿಂದೆಯೇ ನಿಧಾನವಾಗಿ ಸಾಗಿತು. ಅದನ್ನೇ ನೋಡುತ್ತ ಕೇಳಿದರು: "ನೀವು ಇಂಜಿನಿಯರು, ಒಂದು ವಿಷಯ ಹೇಳಿ ನೋಡೋಣ. ಹೊಡೆದ ಮೇಲೆ ಸ್ಟ್ರೈಕರ್ ಅಲ್ಲೇ ಯಾಕೆ ನಿಲ್ಲೋದಿಲ್ಲ? ಕಾಯಿನ್‌ಗೆ ಇಷ್ಟು ವೇಗ, ತನಗೆ ಇಷ್ಟು ಅಂತ ಹಂಚಿಕೊಡೋರು ಯಾರು?"

"ಸಂವೇಗ ಸಂರಕ್ಷಣೆ ಅಂತ ಒಂದು ನಿಯಮ ಇದೆ ಸರ್. ತೂಕ ಮತ್ತು ವೇಗವನ್ನು ಗುಣಿಸಿದರೆ ಬರೋದು ಸಂವೇಗ. ಡಿಕ್ಕಿಗೆ ಮೊದಲು ಒಟ್ಟು ಎಷ್ಟಿತ್ತೋ ಆಮೇಲೂ ಅಷ್ಟೇ ಇರಬೇಕು" ಎಂದೆವು, ದೊಡ್ಡ ವಿಷಯ ಹೇಳಿದವರ ಹಾಗೆ.

ಅವರು ಒಂದು ಕ್ಷಣ ಯೋಚಿಸಿದರು. "ಒಟ್ಟು ಮೊತ್ತ ಬದಲಾಗಬಾರದು, ಅಷ್ಟೇ ತಾನೆ? ಒಂದೇ ಮೊತ್ತವನ್ನ ಇಬ್ಬರಿಗೆ ನೂರು ಥರ ಹಂಚಬಹುದಲ್ಲ ಮತ್ತೆ! ಪ್ರತಿ ಸಲ ಇದೇ ಥರ ಯಾಕೆ?"

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ನಮ್ಮ ಮಗಳು ನಕ್ಕಳು. ಅಷ್ಟರಲ್ಲಿ ಮೇಲಿನಿಂದ ಕಾಫಿಗೆ ಕರೆ ಬಂದು ಬಚಾವಾದೆವು. ಕಂಪ್ಯೂಟರಿನಲ್ಲಿ ಎಂ.ಎಸ್. ಮಾಡಿಕೊಂಡು, ಒಂದು ಕಾಲದಲ್ಲಿ ಆಟದ ಪ್ರೋಗ್ರಾಮಿಗೆ ಇದೇ ಡಿಕ್ಕಿಯ ಸೂತ್ರವನ್ನು ಟೈಪು ಮಾಡಿದ್ದವರು ನಾವು. ಆ ಸೂತ್ರದ ಒಳಗೆ ಒಂದಲ್ಲ, ಎರಡು ನಿಯಮಗಳು ಕುಳಿತಿವೆ ಎಂಬುದನ್ನೇ ಮರೆತಿದ್ದೆವು. ಅವರಿಗೆ ಅಂದು ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆದು ಒಪ್ಪಿಸುತ್ತಿದ್ದೇವೆ. ಗಣಿತ ಎಂದರೆ ಹೆದರುವವರೂ ಧೈರ್ಯವಾಗಿ ಓದಬಹುದು. ಗುಣಾಕಾರಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಮೊದಲನೆಯ ಖಾತೆ

ಪಂದ್ಯಗಳಲ್ಲಿ ಬಳಸುವ ಕೇರಂ ಸ್ಟ್ರೈಕರಿನ ತೂಕ 15 ಗ್ರಾಂ ಮೀರಬಾರದು. ಕಾಯಿನ್ನಿನ ತೂಕ 5ರಿಂದ 5.5 ಗ್ರಾಂ. ಲೆಕ್ಕ ಸುಲಭವಾಗಲೆಂದು 15 ಮತ್ತು 5 ಎಂದೇ ಇಟ್ಟುಕೊಳ್ಳೋಣ. ಸ್ಟ್ರೈಕರ್ ಸೆಕೆಂಡಿಗೆ 100 ಸೆಂಟಿಮೀಟರ್ ವೇಗದಲ್ಲಿ ಬಂದು, ಸುಮ್ಮನೆ ಕುಳಿತ ಕಾಯಿನ್ನಿಗೆ ನೇರವಾಗಿ ಬಡಿಯಿತು ಎನ್ನೋಣ. ಒಟ್ಟು ಸಂವೇಗ 15 × 100 = 1500.

ಈಗ ಹಿರಿಯರು ಹೇಳಿದಂತೆ ಈ 1500ನ್ನು ಹಂಚಿ ನೋಡೋಣ.

ಒಂದು: ಸ್ಟ್ರೈಕರ್ ಅಲ್ಲೇ ನಿಂತು, ಕಾಯಿನ್ 300ರ ವೇಗದಲ್ಲಿ ಓಡಬಹುದು. 5 × 300 = 1500. ಸರಿಹೋಯಿತು.

ಎರಡು: ಎರಡೂ ಅಂಟಿಕೊಂಡಂತೆ 75ರ ವೇಗದಲ್ಲಿ ಒಟ್ಟಿಗೆ ಸಾಗಬಹುದು. 20 × 75 = 1500. ಇದೂ ಸರಿ.

ಮೂರು: ಸ್ಟ್ರೈಕರ್ 50ರಲ್ಲಿ, ಕಾಯಿನ್ 150ರಲ್ಲಿ. 750 + 750 = 1500. ಇದೂ ಸರಿ!

ಅವರ ಆಕ್ಷೇಪ ನೂರಕ್ಕೆ ನೂರು ನ್ಯಾಯವಾದದ್ದು. ಸಂವೇಗದ ಖಾತೆಯೊಂದನ್ನೇ ನೋಡಿದರೆ ಈ ಮೂರೂ ಒಪ್ಪಿಗೆ, ಇಂಥವು ಇನ್ನೂ ಎಷ್ಟೋ ಒಪ್ಪಿಗೆ. ಆದರೆ ಬೋರ್ಡಿನ ಮೇಲೆ ನಡೆಯುವುದು ಒಂದೇ.

ಎರಡನೆಯ ಖಾತೆ

ಡಿಕ್ಕಿಯಲ್ಲಿ ಇನ್ನೊಂದು ಲೆಕ್ಕವೂ ನಡೆಯುತ್ತಿರುತ್ತದೆ. ಅದು ಚಲನಶಕ್ತಿಯದು. ಇಲ್ಲಿ ತೂಕವನ್ನು ವೇಗದ ವರ್ಗದಿಂದ, ಎಂದರೆ ವೇಗವನ್ನು ವೇಗದಿಂದಲೇ ಗುಣಿಸಿ ಬಂದದ್ದರಿಂದ ಗುಣಿಸಬೇಕು. ಪಠ್ಯಪುಸ್ತಕದಲ್ಲಿ ಇದರ ಅರ್ಧ ತೆಗೆದುಕೊಳ್ಳುತ್ತಾರೆ. ಡಿಕ್ಕಿಯ ಹಿಂದೆ ಮುಂದೆ ಎರಡೂ ಕಡೆ ಅರ್ಧವೇ ಬರುವುದರಿಂದ ಅದನ್ನು ಬಿಟ್ಟರೆ ನಮಗೇನೂ ನಷ್ಟವಿಲ್ಲ.

ಡಿಕ್ಕಿಗೆ ಮೊದಲು 15 × 100 × 100 = 1,50,000.

ಮೊದಲ ಹಂಚಿಕೆಯಲ್ಲಿ 5 × 300 × 300 = 4,50,000. ಇದ್ದದ್ದರ ಮೂರು ಪಟ್ಟು! ಆ ಮೂರು ಲಕ್ಷ ಎಲ್ಲಿಂದ ಬಂತು? ಕೊಟ್ಟವರು ಯಾರೂ ಇಲ್ಲ. ಹಾಗಾಗಿ ಇದು ನಡೆಯುವುದಿಲ್ಲ.

ಎರಡನೆಯದರಲ್ಲಿ 20 × 75 × 75 = 1,12,500. ಇಲ್ಲಿ 37,500 ಖೋತಾ. ಇದು ಅಸಾಧ್ಯವೇನಲ್ಲ, ಕಳೆದುಹೋದದ್ದು ಶಾಖವಾಗಿಯೋ ಸದ್ದಾಗಿಯೋ ವಸ್ತು ಜಜ್ಜಿಹೋಗಿಯೋ ಖರ್ಚಾಗಿರಬೇಕು. ಎರಡು ಮಣ್ಣಿನ ಮುದ್ದೆಗಳು ಡಿಕ್ಕಿಯಾದರೆ ಹೀಗೇ ಆಗುತ್ತದೆ.

ಮೂರನೆಯದರಲ್ಲಿ 15 × 50 × 50 = 37,500; 5 × 150 × 150 = 1,12,500; ಕೂಡಿದರೆ ಸರಿಯಾಗಿ 1,50,000. ಎರಡೂ ಖಾತೆ ಟ್ಯಾಲಿ ಆಯಿತು.

ಎರಡು ಖಾತೆಗಳೂ ಹೀಗೆ ಪೈಸೆ ಪೈಸೆ ಹೊಂದುವ ಡಿಕ್ಕಿಗೆ ಸ್ಥಿತಿಸ್ಥಾಪಕ ಡಿಕ್ಕಿ ಎಂದು ಹೆಸರು. ಕಾಲೇಜಿನಲ್ಲಿ ಎಲಾಸ್ಟಿಕ್ ಕೊಲಿಶನ್ ಎಂದು ಓದಿದ್ದೇವೆ. ಹಂಚಿಕೊಡುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಇದು: ಗೊತ್ತಿಲ್ಲದ ಸಂಖ್ಯೆಗಳು ಎರಡು, ಸ್ಟ್ರೈಕರಿನ ವೇಗ ಮತ್ತು ಕಾಯಿನ್ನಿನ ವೇಗ, ಪಾಲಿಸಬೇಕಾದ ನಿಯಮಗಳೂ ಎರಡು. ಸ್ಟ್ರೈಕರ್ ತನ್ನ ಅರ್ಧ ವೇಗ ಉಳಿಸಿಕೊಳ್ಳುತ್ತದೆ, ಕಾಯಿನ್ ಒಂದೂವರೆ ಪಟ್ಟು ವೇಗದಲ್ಲಿ ಓಡುತ್ತದೆ, ಶಕ್ತಿಯಲ್ಲಿ ಮುಕ್ಕಾಲು ಪಾಲು ಕಾಯಿನ್ನಿಗೆ ಹೋಗುತ್ತದೆ. ತಮಾಷೆಯೆಂದರೆ ಬೀಜಗಣಿತ ಮಾಡಿ ನೋಡಿದರೆ ಇನ್ನೊಂದು ಉತ್ತರವೂ ಬರುತ್ತದೆ: ಸ್ಟ್ರೈಕರ್ 100, ಕಾಯಿನ್ ಸೊನ್ನೆ. ಅಂದರೆ ಗುರಿ ತಪ್ಪಿತು ಎಂದರ್ಥ. ಗಣಿತ ಅದನ್ನೂ ಮರೆಯುವುದಿಲ್ಲ.

ಕೇರಂ ಬೋರ್ಡಿನಲ್ಲಿ 'ಟಕ್' ಎಂದು ಕೇಳುತ್ತದಲ್ಲ, ಆ ಸದ್ದಿಗೂ ಶಕ್ತಿ ಬೇಕು. ಆದ್ದರಿಂದ ನಮ್ಮ ಬೇಸ್‌ಮೆಂಟಿನ ಲೆಕ್ಕ ಎಂದೂ ಪೂರ್ತಿ ಹೊಂದುವುದಿಲ್ಲ, ಸ್ವಲ್ಪ ಸೋರಿಕೆ ಇದ್ದೇ ಇರುತ್ತದೆ. ಸೋರಿಕೆಯೇ ಇಲ್ಲದ ಡಿಕ್ಕಿ ಬೇಕಾದರೆ ಪರಮಾಣುಗಳ ಲೋಕಕ್ಕೆ ಇಳಿಯಬೇಕು. ಅಲ್ಲಿಗೆ ಹೋಗುವ ಮೊದಲು ಒಂದು ಹಳೆಯ ಜಗಳದ ಕಥೆ.

ನಲವತ್ತೆರಡು ವರ್ಷದ ಅಂತರ, ಎರಡು ಪಕ್ಷ

ಡಿಕ್ಕಿಯಲ್ಲಿ ಏನೋ ಒಂದು ಉಳಿಯುತ್ತದೆ ಎಂದು ಗಟ್ಟಿಯಾಗಿ ಹೇಳಿದವನು ಫ್ರಾನ್ಸಿನ ದೇಕಾರ್ತ್. 1644ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಡಿಕ್ಕಿಗೆ ಏಳು ನಿಯಮಗಳನ್ನು ಕೊಟ್ಟ. ಉಳಿಯುವುದು ಗಾತ್ರ ಮತ್ತು ವೇಗಗಳ ಗುಣಲಬ್ಧ ಎಂದ. ಆದರೆ ವೇಗದ ದಿಕ್ಕನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಲ್ಲಿಗೇ ಎಡವಿದ. ಅವನ ನಾಲ್ಕನೆಯ ನಿಯಮದ ಪ್ರಕಾರ ನಿಂತಿರುವ ದೊಡ್ಡ ವಸ್ತುವನ್ನು ಚಿಕ್ಕದೊಂದು ಎಷ್ಟೇ ವೇಗವಾಗಿ ಬಂದು ಹೊಡೆದರೂ ಅಲುಗಾಡಿಸಲಾರದು!

ಕಾಯಿನ್ನಿನಿಂದ ಸ್ಟ್ರೈಕರಿಗೆ ಹೊಡೆದು ನೋಡಿದ ಯಾವ ಹುಡುಗನೂ ಇದನ್ನು ಒಪ್ಪಲಾರ. 100ರ ವೇಗದಲ್ಲಿ ಬಂದ ಕಾಯಿನ್ 50ರ ವೇಗದಲ್ಲಿ ಹಿಂದಕ್ಕೆ ಪುಟಿಯುತ್ತದೆ, ಸ್ಟ್ರೈಕರ್ 50ರಲ್ಲಿ ಮುಂದಕ್ಕೆ ಹೋಗುತ್ತದೆ. ಹಿಂದಕ್ಕೆ ಹೋದದ್ದನ್ನು ಕಳೆಯಬೇಕು: 750 – 250 = 500, ಮೊದಲಿದ್ದಷ್ಟೇ. ದಿಕ್ಕನ್ನು ಮರೆತು ಕೂಡಿಬಿಟ್ಟರೆ 1000. ಜಮೆ ಮತ್ತು ಖರ್ಚು ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಬರೆದಂತೆ.

1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಡಿಕ್ಕಿಯ ನಿಯಮಗಳನ್ನು ಸರಿಯಾಗಿ ಹೇಳಿಕೊಡಿ ಎಂದು ಬಲ್ಲವರನ್ನು ಕೇಳಿತು. ವಾಲಿಸ್, ರೆನ್ ಮತ್ತು ಹಾಲೆಂಡಿನ ಹೈಗೆನ್ಸ್ ಉತ್ತರ ಕೊಟ್ಟರು. ಹೈಗೆನ್ಸ್ ಈ ವಿಷಯವನ್ನು 1650ರ ದಶಕದಲ್ಲೇ ಬಿಡಿಸಿಟ್ಟಿದ್ದ. ಅವನ ಪೂರ್ತಿ ಪುಸ್ತಕ ಬೆಳಕು ಕಂಡದ್ದು ಮಾತ್ರ ಅವನು ತೀರಿಕೊಂಡ ಮೇಲೆ, 1703ರಲ್ಲಿ. ಅವನ ವಾದ ಎಷ್ಟು ಸುಂದರವೆಂದರೆ ಅದಕ್ಕೆ ಸೂತ್ರವೇ ಬೇಡ.

ಕಾಲುವೆಯಲ್ಲಿ ದೋಣಿಯೊಂದು ಸಮವೇಗದಲ್ಲಿ ಸಾಗುತ್ತಿದೆ. ಒಳಗಿರುವವನು ಒಂದೇ ತೂಕದ ಎರಡು ಗುಂಡುಗಳನ್ನು ಒಂದೇ ವೇಗದಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆಸುತ್ತಾನೆ. ಎರಡೂ ಬಂದಷ್ಟೇ ವೇಗದಲ್ಲಿ ಹಿಂದಕ್ಕೆ ಪುಟಿಯುತ್ತವೆ. ಇದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ದೋಣಿಯ ವೇಗವೂ ಗುಂಡಿನ ವೇಗವೂ ಒಂದೇ ಆಗಿದ್ದರೆ ದಡದಲ್ಲಿ ನಿಂತವನಿಗೆ ಏನು ಕಾಣುತ್ತದೆ? ಒಂದು ಗುಂಡು ನಿಂತೇ ಇದೆ, ಇನ್ನೊಂದು ಇಮ್ಮಡಿ ವೇಗದಲ್ಲಿ ಬಂದು ಬಡಿಯುತ್ತದೆ. ಬಡಿದದ್ದು ನಿಂತುಬಿಡುತ್ತದೆ, ನಿಂತಿದ್ದದ್ದು ಅದೇ ಇಮ್ಮಡಿ ವೇಗದಲ್ಲಿ ಹೊರಡುತ್ತದೆ! ಒಂದೇ ಘಟನೆಯನ್ನು ಎರಡು ಕಡೆಯಿಂದ ನೋಡಿದ್ದಷ್ಟೆ. ಸಮತೂಕದವು ಡಿಕ್ಕಿಯಾದರೆ ವೇಗಗಳು ಅದಲುಬದಲಾಗುತ್ತವೆ ಎಂಬ ನಿಯಮ ಹೀಗೆ ಸಿಕ್ಕಿತು. ತೂಕವನ್ನು ವೇಗದ ವರ್ಗದಿಂದ ಗುಣಿಸಿ ಕೂಡಿದರೆ ಆ ಮೊತ್ತವೂ ಬದಲಾಗುವುದಿಲ್ಲ ಎಂಬುದನ್ನೂ ಹೈಗೆನ್ಸ್ ಗಮನಿಸಿದ್ದ.

1686ರಲ್ಲಿ ಜರ್ಮನಿಯ ಲೈಬ್ನಿಟ್ಸ್ ಈ ಎರಡನೆಯ ಮೊತ್ತವನ್ನೇ ಹಿಡಿದುಕೊಂಡು ದೇಕಾರ್ತನದು ದೊಡ್ಡ ತಪ್ಪು ಎಂದು ಬರೆದ. ಪ್ರಕೃತಿಯಲ್ಲಿ ಉಳಿಯುವ ನಿಜವಾದ 'ಬಲ' ಇದೇ ಎಂಬುದು ಅವನ ವಾದ. ಅದನ್ನು ಅವನು 'ಜೀವಂತ ಬಲ' ಎಂದು ಕರೆದ. ಅಲ್ಲಿಂದ ಯುರೋಪಿನ ವಿದ್ವಾಂಸರು ಎರಡು ಪಕ್ಷವಾಗಿ ಹಲವು ದಶಕ ಜಗಳವಾಡಿದರು. 1720ರ ದಶಕದಲ್ಲಿ ಲೈಡನ್ನಿನ ಗ್ರಾವೆಸಾಂಡೆ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ಕುಳಿಗಳನ್ನು ಅಳೆದ. ವೇಗ ಎರಡು ಪಟ್ಟಾದರೆ ಕುಳಿ ನಾಲ್ಕು ಪಟ್ಟಾಗುತ್ತಿತ್ತು. ಎಮಿಲಿ ದು ಶಾತಲೆ ಎಂಬ ಫ್ರೆಂಚ್ ವಿದುಷಿ 1740ರ ತನ್ನ ಭೌತಶಾಸ್ತ್ರದ ಪುಸ್ತಕದಲ್ಲಿ ಲೈಬ್ನಿಟ್ಸನ ಪಕ್ಷ ವಹಿಸಿ ವಾದಿಸಿದಳು. ನ್ಯೂಟನ್ನನ ಪ್ರಿನ್ಸಿಪಿಯಾವನ್ನು ಫ್ರೆಂಚಿಗೆ ತಂದವಳೂ ಇವಳೇ. ಆ ಅನುವಾದದ ಕೆಲಸವನ್ನು ಮುಗಿಸಿ, 1749ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಪುಸ್ತಕ ಪೂರ್ತಿಯಾಗಿ ಅಚ್ಚಾದದ್ದು 1759ರಲ್ಲಿ.

ವೇಗದ ಈ ವರ್ಗ ನಮಗೂ ಪರಿಚಿತವೇ. ಗಂಟೆಗೆ 60 ಮೈಲಿಯಲ್ಲಿ ಹೋಗುವ ಕಾರಿಗೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ 30 ಮೈಲಿಯ ಕಾರಿಗಿಂತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಿಮ ಬಿದ್ದ ದಿನ ನೆನಪಿಡಬೇಕಾದ ಲೆಕ್ಕ.

ಕೊನೆಗೆ ಗೆದ್ದವರು ಯಾರು? ಇಬ್ಬರೂ. ದಿಕ್ಕನ್ನು ಸೇರಿಸಿಕೊಂಡ ದೇಕಾರ್ತನ ಮೊತ್ತ ಸಂವೇಗವಾಯಿತು, ಲೈಬ್ನಿಟ್ಸನದು ಚಲನಶಕ್ತಿಯಾಯಿತು. ಒಂದೇ ಖಾತೆ ನಿಜ, ಇನ್ನೊಂದು ಸುಳ್ಳು ಎಂದು ಹೊರಟದ್ದೇ ತಪ್ಪಾಗಿತ್ತು. ಎರಡೂ ಬೇಕು.

ಬೋರ್ಡಿನ ಮೇಲೆ ಪೈಥಾಗೊರಸ್

ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಏನೇನು ಸಿಗುತ್ತದೆ ಎಂಬುದಕ್ಕೆ ಒಂದು ಚಿಕ್ಕ ಉದಾಹರಣೆ. ಒಂದು ಕಾಯಿನ್ನಿನಿಂದ ಅಷ್ಟೇ ತೂಕದ ಇನ್ನೊಂದಕ್ಕೆ ಸ್ವಲ್ಪ ಓರೆಯಾಗಿ ಹೊಡೆಯಿರಿ. ಎರಡೂ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ವೇಗಗಳನ್ನು ಬಾಣಗಳಂತೆ ಬರೆದುಕೊಂಡರೆ, ಸಂವೇಗದ ನಿಯಮದಂತೆ ಹೊರಟ ಎರಡು ಬಾಣಗಳನ್ನು ಒಂದರ ತುದಿಗೆ ಒಂದು ಜೋಡಿಸಿದಾಗ ಬಂದ ಬಾಣದೊಂದಿಗೆ ಸೇರಿ ತ್ರಿಕೋನವಾಗಬೇಕು. ಶಕ್ತಿಯ ನಿಯಮದಂತೆ ಎರಡು ಬದಿಗಳ ವರ್ಗಗಳ ಮೊತ್ತ ಮೂರನೆಯ ಬದಿಯ ವರ್ಗಕ್ಕೆ ಸಮನಾಗಬೇಕು. ಇದು ಎಲ್ಲೋ ಕೇಳಿದ ಮಾತಲ್ಲವೆ? ಹೈಸ್ಕೂಲಿನ ಪೈಥಾಗೊರಸ್! ಅಂದರೆ ಆ ತ್ರಿಕೋನ ಲಂಬಕೋನ ತ್ರಿಕೋನ. ಕಾಯಿನ್‌ಗಳು ಪರಸ್ಪರ 90 ಡಿಗ್ರಿಯಲ್ಲಿ ಬೇರೆಯಾಗುತ್ತವೆ. ಸೋರಿಕೆಯಿಂದಾಗಿ ಬೋರ್ಡಿನಲ್ಲಿ ಸ್ವಲ್ಪ ಕಡಿಮೆ ಬರಬಹುದು.

ಮೂರು ಪಟ್ಟು ತೂಕದ ಸ್ಟ್ರೈಕರಿನ ಕಥೆ ಬೇರೆ. ಒಂಟಿ ಕಾಯಿನ್ನಿಗೆ ಹೇಗೇ ಹೊಡೆದರೂ ಅದು ತನ್ನ ದಾರಿಯಿಂದ ಸುಮಾರು 19.5 ಡಿಗ್ರಿಗಿಂತ ಹೆಚ್ಚು ಓರೆಯಾಗಲಾರದು, ಹಿಂದಕ್ಕಂತೂ ಬರಲಾರದು.

ಲೆಕ್ಕ ಹೊಂದದೆ ಇದ್ದಾಗ

ಈಗ ಪರಮಾಣುಗಳ ಲೋಕಕ್ಕೆ ಬರೋಣ. 1930ರಲ್ಲಿ ಜರ್ಮನಿಯ ಬೋಥೆ ಮತ್ತು ಬೆಕರ್ ಬೆರಿಲಿಯಂ ಲೋಹವನ್ನು ಆಲ್ಫಾ ಕಣಗಳಿಂದ ಹೊಡೆದಾಗ ಅದರಿಂದ ವಿದ್ಯುದಂಶವಿಲ್ಲದ, ಬಹಳ ತೂರಿಹೋಗುವ ಯಾವುದೋ ಕಿರಣ ಹೊರಟಿತು. 1932ರ ಜನವರಿಯಲ್ಲಿ ಪ್ಯಾರಿಸ್ಸಿನ ಐರೀನ್ ಕ್ಯೂರಿ ಮತ್ತು ಫ್ರೆಡರಿಕ್ ಜೋಲಿಯೋ ದಂಪತಿಗಳು ಆ ಕಿರಣದ ದಾರಿಗೆ ಪ್ಯಾರಾಫಿನ್ ಮೇಣವನ್ನು ಹಿಡಿದರು. ಮೇಣದೊಳಗಿನ ಹೈಡ್ರೋಜನ್ನಿನ ಪ್ರೋಟಾನುಗಳು ಮಹಾ ವೇಗದಲ್ಲಿ ಹೊರಚಿಮ್ಮಿದವು. ಇದು ಗಾಮಾ ಕಿರಣ, ಅಂದರೆ ಒಂದು ಬಗೆಯ ಬೆಳಕು ಎಂದು ಅವರು ತಿಳಿದರು.

ಕೇಂಬ್ರಿಜ್ಜಿನ ಜೇಮ್ಸ್ ಚಾಡ್ವಿಕ್‌ಗೆ ನಂಬಿಕೆ ಬರಲಿಲ್ಲ. ಅವನು ಎರಡೂ ಖಾತೆ ತೆರೆದ. ಪ್ರೋಟಾನು ಅಷ್ಟು ವೇಗ ಪಡೆಯಬೇಕಾದರೆ ಗಾಮಾ ಕಿರಣಕ್ಕೆ ಸುಮಾರು 5 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರಬೇಕಿತ್ತು. ಅದೇ ಕಿರಣ ನೈಟ್ರೋಜನ್ನಿಗೆ ಬಡಿದದ್ದನ್ನು ಲೆಕ್ಕ ಹಾಕಿದರೆ 9 ಕೋಟಿ ಬೇಕಾಗುತ್ತಿತ್ತು. ಆದರೆ ಬೆರಿಲಿಯಂ ಕೊಡಬಹುದಾದದ್ದು ಹೆಚ್ಚೆಂದರೆ 1.4 ಕೋಟಿ! ಒಂದೋ ಸಂವೇಗ ಮತ್ತು ಶಕ್ತಿ ಉಳಿಯುತ್ತವೆ ಎಂಬ ನಿಯಮವನ್ನೇ ಕೈಬಿಡಬೇಕು, ಇಲ್ಲವೇ ಕಿರಣವೇ ಬೇರೆ ಏನೋ ಆಗಿರಬೇಕು.

ಬೆಳಕಿನ ಬದಲು ತೂಕವಿರುವ ಒಂದು ಕಣ ಬಂದು ಹೊಡೆಯಿತು ಎನ್ನೋಣ. ಅದರ ತೂಕವೂ ಗೊತ್ತಿಲ್ಲ, ವೇಗವೂ ಗೊತ್ತಿಲ್ಲ. ಆದರೆ ಅದು ಹೊಡೆದ ಎರಡು 'ಕಾಯಿನ್‌'ಗಳ ವೇಗ ಗೊತ್ತಿತ್ತು. ಪ್ರೋಟಾನು ಸೆಕೆಂಡಿಗೆ ಸುಮಾರು 33,000 ಕಿಲೋಮೀಟರ್. ಅದರ 14 ಪಟ್ಟು ತೂಕದ ನೈಟ್ರೋಜನ್ ಸುಮಾರು 4,700 ಕಿಲೋಮೀಟರ್. ನೈಟ್ರೋಜನ್ನಿನ ವೇಗವನ್ನು ಅಳೆದದ್ದು ಸಹೋದ್ಯೋಗಿ ಫೆದರ್. ಎರಡರ ಅನುಪಾತ 7. ನೇರ ಡಿಕ್ಕಿಯ ನಿಯಮದಂತೆ ಈ ಅನುಪಾತವು, ಅಪರಿಚಿತ ಕಣದ ತೂಕಕ್ಕೆ 14 ಕೂಡಿ ಬಂದದ್ದನ್ನು ಅದೇ ತೂಕಕ್ಕೆ 1 ಕೂಡಿ ಬಂದದ್ದರಿಂದ ಭಾಗಿಸಿದಷ್ಟಿರಬೇಕು. ಕಣದ ವೇಗ ಗೊತ್ತೇ ಇರಬೇಕಾಗಿಲ್ಲ, ಭಾಗಾಕಾರದಲ್ಲಿ ಹೊಡೆದುಹೋಗುತ್ತದೆ. ಬಿಡಿಸಿದರೆ ತೂಕ ಸುಮಾರು 1.15. ನೈಟ್ರೋಜನ್ ವೇಗದ ಅಳತೆಯಲ್ಲಿ ಶೇಕಡಾ 10ರಷ್ಟು ಹೆಚ್ಚುಕಡಿಮೆಗೆ ಅವಕಾಶವಿತ್ತು. ಆದ್ದರಿಂದ ಅರ್ಥ ಸ್ಪಷ್ಟ: ಪ್ರೋಟಾನಿನಷ್ಟೇ ತೂಕದ, ವಿದ್ಯುದಂಶವಿಲ್ಲದ ಒಂದು ಕಣ ಇದೆ. ಅದೇ ನ್ಯೂಟ್ರಾನು. ಇಂದಿನ ಅಳತೆಯಲ್ಲಿ ಅದರ ತೂಕ ಪ್ರೋಟಾನಿನ 1.0014 ಪಟ್ಟು. ಚಾಡ್ವಿಕ್‌ಗೆ 1935ರ ನೊಬೆಲ್ ಬಂತು.

ಯಾರೂ ಕಾಣದ ಕಣವನ್ನು ತಕ್ಕಡಿಯಿಲ್ಲದೆ ತೂಗಿದ್ದು ಕೇರಂ ಬೋರ್ಡಿನ ಇದೇ ಎರಡು ನಿಯಮಗಳಿಂದ.

ಕೈಗಾದಲ್ಲಿ ನಡೆಯುವ ಆಟ

ಕೈಗಾ ಎಂದೊಡನೆ ನಮ್ಮ ಓದುಗರಿಗೆ ಮೊದಲು ನೆನಪಾಗುವುದು ಆ ಯೋಜನೆಯನ್ನು ವಿರೋಧಿಸಿದ ಶಿವರಾಮ ಕಾರಂತರು. ಆ ವಾದ ದೊಡ್ಡದು, ಇಲ್ಲಿ ಬೇಡ. ಆದರೆ ಕಾಳಿ ನದಿಯ ದಡದ ಆ ಸ್ಥಾವರದ 220 ಮೆಗಾವ್ಯಾಟಿನ ನಾಲ್ಕು ಘಟಕಗಳ ಒಳಗೆ ಹಗಲೂ ರಾತ್ರಿ ನಡೆಯುವುದು ಡಿಕ್ಕಿಯೇ.

ಯುರೇನಿಯಂ ಸೀಳಿದಾಗ ಹೊರಡುವ ನ್ಯೂಟ್ರಾನುಗಳ ವೇಗ ಸೆಕೆಂಡಿಗೆ 20,000 ಕಿಲೋಮೀಟರಿನ ಆಸುಪಾಸು. ಅವು ಮುಂದಿನ ಯುರೇನಿಯಂ ಪರಮಾಣುವನ್ನು ಸುಲಭವಾಗಿ ಸೀಳಬೇಕಾದರೆ ಸೆಕೆಂಡಿಗೆ ಎರಡು ಕಿಲೋಮೀಟರಿನಷ್ಟಕ್ಕೆ ಇಳಿಯಬೇಕು. ಇಳಿಸುವುದು ಹೇಗೆ? ಯಾವುದಕ್ಕಾದರೂ ಡಿಕ್ಕಿ ಹೊಡೆಸಬೇಕು. ಯಾವುದಕ್ಕೆ? ಸೀಸಕ್ಕೆ ಎದುರಾಗಿ ಬಡಿದರೂ ನ್ಯೂಟ್ರಾನು ಕಳೆದುಕೊಳ್ಳುವುದು ಶಕ್ತಿಯ ಶೇಕಡಾ 2 ಮಾತ್ರ. ಗೋಡೆಗೆ ಬಡಿದ ಚೆಂಡಿನಂತೆ ಪುಟಿಯುತ್ತದೆ. ಇಂಗಾಲದ ಪರಮಾಣುವಿಗೆ ಬಡಿದರೆ ಶೇಕಡಾ 28. ಸಮತೂಕದ ಹೈಡ್ರೋಜನ್ನಿಗೆ ನೇರವಾಗಿ ಬಡಿದರೆ ಹೈಗೆನ್ಸನ ಗುಂಡಿನಂತೆ ಪೂರ್ತಿ ನಿಂತೇಹೋಗುತ್ತದೆ. ಎಲ್ಲ ಡಿಕ್ಕಿಯೂ ನೇರವಾಗಿರುವುದಿಲ್ಲವಾದ್ದರಿಂದ ಸರಾಸರಿ ಲೆಕ್ಕದಲ್ಲಿ ಹೈಡ್ರೋಜನ್ನಿಗೆ ಸುಮಾರು 18 ಡಿಕ್ಕಿಗಳು ಸಾಕು, ಇಂಗಾಲಕ್ಕೆ 115ರಷ್ಟು ಬೇಕು.

ಹಾಗಾದರೆ ಸಾಮಾನ್ಯ ನೀರೇ ಸಾಕಲ್ಲ? ಸಾಮಾನ್ಯ ಹೈಡ್ರೋಜನ್ ನ್ಯೂಟ್ರಾನುಗಳನ್ನು ನಿಧಾನಿಸುವುದರ ಜೊತೆಗೆ ಒಂದಷ್ಟನ್ನು ನುಂಗಿಯೂ ಬಿಡುತ್ತದೆ. ಕೈಗಾದಂತೆ ಸಹಜ ಯುರೇನಿಯಂ ಬಳಸುವಲ್ಲಿ ಆ ನಷ್ಟ ತಾಳಿಕೊಳ್ಳಲಾಗದು. ಅದಕ್ಕೇ ಅಲ್ಲಿ ಭಾರಜಲ. ಅದರ ಹೈಡ್ರೋಜನ್ನಿನ ತೂಕ ಎರಡು ಪಟ್ಟು. ನೇರ ಡಿಕ್ಕಿಯಲ್ಲಿ ಶಕ್ತಿಯ ಒಂಬತ್ತರಲ್ಲಿ ಎಂಟು ಪಾಲು ಕೈಬದಲಾಗುತ್ತದೆ, ನುಂಗುವುದು ಬಹಳ ಕಡಿಮೆ. ಅಂದ ಹಾಗೆ ನುಂಗುವುದರಲ್ಲಿ ಎತ್ತಿದ ಕೈ ಬೋರಾನ್. ನಮ್ಮ ಕೇರಂ ಬೋರ್ಡಿನ ಬೋರಿಕ್ ಪುಡಿಯಲ್ಲಿರುವುದೂ ಅದೇ.

ಕಳೆದ ವಾರ ಹಿರಿಯರಿಗೆ ಫೋನು ಮಾಡಿ ಇಷ್ಟನ್ನೂ ಹೇಳಿದೆವು. ಚಾಡ್ವಿಕ್‌ನ ಭಾಗ ಅವರಿಗೆ ಬಹಳ ಹಿಡಿಸಿತು. "ಅರ್ಧವಾರ್ಷಿಕ ಕ್ಲೋಸಿಂಗಿನಲ್ಲಿ ಮೂರು ರೂಪಾಯಿ ವ್ಯತ್ಯಾಸಕ್ಕೆ ರಾತ್ರಿಯೆಲ್ಲ ಕೂತಿದ್ದೇವೆ. ವ್ಯತ್ಯಾಸ ಬಂತು ಅಂದರೆ ಎಲ್ಲೋ ಒಂದು ವೋಚರು ಕಣ್ಣಿಗೆ ಬಿದ್ದಿಲ್ಲ ಅಂತಲೇ ಅರ್ಥ" ಎಂದರು. ಫೋನು ಇಡುವ ಮೊದಲು ಇನ್ನೊಂದು ಪ್ರಶ್ನೆ: "ಸರಿ, ಕೊನೆಗೆ ಸ್ಟ್ರೈಕರ್ ನಿಂತೇ ಹೋಗುತ್ತಲ್ಲ, ಆಗ ನಿಮ್ಮ ಎರಡು ಖಾತೆ ಏನಾದವು?"

ಈ ಸಲ ತಯಾರಾಗಿದ್ದೆವು. ಶಕ್ತಿ ಬೋರ್ಡನ್ನೂ ಪುಡಿಯನ್ನೂ ಕೈಗೆ ತಿಳಿಯದಷ್ಟು ಬಿಸಿ ಮಾಡಿತು. ಸಂವೇಗ ಘರ್ಷಣೆಯ ಮೂಲಕ ಬೋರ್ಡಿಗೆ, ಬೋರ್ಡಿನಿಂದ ಮೇಜಿಗೆ, ಮೇಜಿನಿಂದ ಭೂಮಿಗೆ ಹೋಯಿತು. ಭೂಮಿಯ ತೂಕ ನೋಡಿದರೆ ಅದು ಎಷ್ಟು ಅಲುಗಿತೆಂದು ಹೇಳಲು ಸೊನ್ನೆಗಳು ಸಾಲವು. ಆದರೂ ಖಾತೆಯಲ್ಲಿ ಜಮೆ ಆಗಿರುತ್ತದೆ.

ಅವರು ಊರಿಗೆ ಹೊರಡುವುದು ಮುಂದಿನ ತಿಂಗಳ ಕೊನೆಗೆ. ಅದಕ್ಕೆ ಮೊದಲು ಇನ್ನೊಂದು ಕೂಟವಿದೆ. ಬೋರ್ಡು ಹಾಕಿಯೇ ಇರುತ್ತದೆ. 90 ಡಿಗ್ರಿಯನ್ನು ಅಳೆದು ನೋಡಬೇಕೆನ್ನುವವರು ಮಕ್ಕಳ ಕಂಪಾಸ್ ಪೆಟ್ಟಿಗೆಯಿಂದ ಒಂದು ಕೋನಮಾಪಕ ತನ್ನಿ.